ಒಳಗೆ ಮಡಚಿದ ಹೆಬ್ಬೆರಳು

ನನ್ನ ತಮ್ಮ ಪರಶಿಗೆ ನಾನು ಒಂದೇ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಹನ್ನೊಂದು ದಿನ ಕೂತಿದ್ದೆ, ಆಗ ಹೇಳಲಿಲ್ಲ. ಅವನ ಮದುವೆಯ ಹಿಂದಿನ ದಿನ ನಾವಿಬ್ಬರೇ ಚಪ್ಪರದ ಗಳ ಕಟ್ಟುತ್ತಿದ್ದೆವು, ಆಗಲೂ ಹೇಳಲಿಲ್ಲ. ಆರು ವರ್ಷ ಆ ಮಾತು ಗಂಟಲಲ್ಲೇ ಇತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಆಗಿನ ಪರಶಿ ಹೇಗಿದ್ದ ಅನ್ನುವುದನ್ನು ಬರೆದಿಡುತ್ತೇನೆ. ಅವನು ಹೇಗಿದ್ದ ಅಂತ ತಿಳಿಯದಿದ್ದರೆ ನಾನು ಹಾಳು ಮಾಡಿದ್ದು ಏನು ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

ಪರಶಿ, ಅಂದರೆ ಪರಶುರಾಮ, ನನಗಿಂತ ಐದು ವರ್ಷ ಚಿಕ್ಕವನು. ಫುಟ್‌ಬಾಲ್ ಆಡುತ್ತಿದ್ದ. ರಾಶಿ ಗೋಲು ಹೊಡೆದವನಲ್ಲ, ಬಹಳ ಜೋರಾಗಿ ಓಡುವವನೂ ಅಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಚೆಂಡು ಕಾಲಲ್ಲಿರುವಾಗ ತಡೆಯುವವನು ಎದುರು ಬಂದು ನಿಂತರೆ, ಅವನನ್ನು ದಾಟಿ ಹೋಗುವುದು. ತಡೆಯುವವನಿಗೆ ನಮ್ಮ ಕಡೆ ಬ್ಯಾಕ್ ಅನ್ನುತ್ತಾರೆ. ಮೈದಾನದಲ್ಲಿ ಇನ್ನೂ ಇಪ್ಪತ್ತು ಜನ ಇದ್ದರೂ ಆ ಹೊತ್ತಿಗೆ ಇವನು ಮತ್ತು ಆ ಬ್ಯಾಕ್ ಇಬ್ಬರೇ ಇದ್ದಂತೆ ಕಾಣುತ್ತಿತ್ತು. ಬೇರೆಯವರು ಅಂಥ ಕಡೆ ಜೋರು ಮಾಡುತ್ತಾರೆ. ಇವನು ನಿಧಾನ ಮಾಡುತ್ತಿದ್ದ. ನಡೆಯುವಷ್ಟು ನಿಧಾನ, ಆಮೇಲೆ ಹೆಚ್ಚುಕಮ್ಮಿ ನಿಂತೇಬಿಡುತ್ತಿದ್ದ. ನೋಡುವವರಿಗೆ ಉಸಿರು ಕಟ್ಟುತ್ತಿತ್ತು. ಎದುರಿನವನು ಇನ್ನು ತಾಳಲಾರದೆ ಯಾವುದಾದರೊಂದು ಕಾಲಿನ ಮೇಲೆ ಭಾರ ಹಾಕಿದನೋ, ಪರಶಿ ಆ ಕಾಲಿನ ಪಕ್ಕದಿಂದಲೇ ಹೋಗಿರುತ್ತಿದ್ದ.

"ಓಡೋದ್ರಾಗೆ ಏನೈತಣ್ಣ? ನಾಯಿನೂ ಓಡ್ತೈತೆ. ನಿಲ್ಲೋದ್ರಾಗೆ ಐತೆ," ಅನ್ನುತ್ತಿದ್ದ. "ಅವನ ಕಾಲು ನೋಡಬ್ಯಾಡ, ಸೊಂಟ ನೋಡು. ಕಾಲು ಸುಳ್ಳು ಹೇಳ್ತೈತೆ. ಸೊಂಟಕ್ಕೆ ಸುಳ್ಳು ಹೇಳಾಕ್ ಬರಲ್ಲ."

ನಮ್ಮದು ಮಂಡಕ್ಕಿ ಭಟ್ಟಿ. ದಾವಣಗೆರೆಯ ಭಟ್ಟಿ ಸಾಲಿನಲ್ಲಿ ಕೊನೆಯದು. ಒಲೆಗೆ ಭತ್ತದ ಹೊಟ್ಟು, ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಮರಳಿಗೆ ಅಕ್ಕಿ ಬಿದ್ದ ಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಒಂದು ಕಾಳು ಚಟ್ ಅನ್ನುತ್ತದೆ. ಆ ಒಂದು ಸದ್ದಿಗೆ ಕಾಯುವುದೇ ನಮ್ಮ ಕಸುಬು. ಅದು ಕೇಳಿದೊಡನೆ ಕೈ ಆಡಿಸಬೇಕು, ಇಲ್ಲದಿದ್ದರೆ ಎಲ್ಲ ಕರಕಲು. ಅಪ್ಪನಿಗೆ ಹೊಗೆಯಿಂದ ಕೆಮ್ಮು ಹತ್ತಿದಾಗ ಬಾಣಲೆಯ ಮುಂದೆ ನಿಲ್ಲಲು ಒಬ್ಬರು ಬೇಕಾಯಿತು. ದೊಡ್ಡವನು ನಾನು, ನಿಂತೆ. ಪರಶಿ ಶಾಲೆಗೆ ಹೋದ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಇಲ್ಲ ಅಂತ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ.

ಭಟ್ಟಿಯ ಹಿಂದೆ ಒಂದು ಅಂಗಳ. ಮಂಡಕ್ಕಿ ತುಂಬಿದ ಚೀಲಗಳನ್ನು ಗಾಡಿ ಬರುವವರೆಗೆ ಅಲ್ಲಿ ಇಡುತ್ತಿದ್ದೆವು. ಮಂಡಕ್ಕಿ ಚೀಲ ನೋಡಿದವರಿಗೆ ಗೊತ್ತು, ಆಳೆತ್ತರ ಇರುತ್ತದೆ, ತೂಕ ಇರುವುದಿಲ್ಲ. ಪರಶಿ ಅವನ್ನು ಎರಡೆರಡು ಅಡಿ ಬಿಟ್ಟು ಸಾಲಾಗಿ ನಿಲ್ಲಿಸಿ, ನಡುವೆ ಚೆಂಡು ಹೊರಳಿಸಿಕೊಂಡು ಹೋಗುತ್ತಿದ್ದ. ಭುಜ ಸವರಿದರೂ ಚೀಲ ಬೀಳುತ್ತಿತ್ತು.

"ಕಲ್ಲು ನಿಲ್ಲಿಸಿ ಆಡಿದ್ರೆ ಏನೂ ತಿಳಿಯಲ್ಲಣ್ಣ. ಇದು ಮನುಷ್ಯರಂಗೆ. ಮುಟ್ಟಿದ್ರೆ ಸುಮ್ನಿರಲ್ಲ."

ಅವ್ವ ಇದನ್ನು ಕಂಡರೆ ಕೈಗೆ ಸಿಕ್ಕ ಸೌಟು ಹಿಡಿದು ಬರುತ್ತಿದ್ದಳು. "ಲೇ ಮಂಗ್ಯಾ, ತಿನ್ನೋ ಪದಾರ್ಥಕ್ಕೆ ಕಾಲು ತಾಗಿಸ್ತೀಯೇನಲೇ?"

ಪರಶಿ ಅವಳ ಎದುರೂ ಹಾಗೇ ನಿಲ್ಲುತ್ತಿದ್ದ. ಅವ್ವ ಎಡಕ್ಕೆ ಕೈ ಎತ್ತಿದರೆ ಇವನು ಆಗಲೇ ಬೆನ್ನ ಹಿಂದೆ. "ಅವ್ವಾ, ನಿನ್ನ ಸೊಂಟ ಹೇಳಿಬಿಡ್ತು!"

"ನನ್ನ ಸೊಂಟದ ಸುದ್ದಿ ನಿನಗ್ಯಾಕಲೇ! ಉಣ್ಣಾಕ್ ಬಾ, ಆಗ ಹೇಳ್ತೀನಿ!" ಅನ್ನುತ್ತ ಅವ್ವ ನಗುತ್ತಲೇ ಒಳಗೆ ಹೋಗುತ್ತಿದ್ದಳು.

ಸಂತೆಯಲ್ಲೂ ಹಾಗೇ. ಎಷ್ಟೇ ಜನವಿರಲಿ, ತಲೆಯ ಮೇಲೆ ಚೀಲ ಹೊತ್ತು ಯಾರ ಮೈಗೂ ತಾಗದೆ ಆಚೆ ಬಂದು ನಿಂತು, ಹಿಂದಿರುಗಿ ನನ್ನನ್ನು ಹುಡುಕುತ್ತಿದ್ದ. ನಾನು ನಡುವೆ ಯಾರದೋ ಕಾಲು ತುಳಿದು ಬೈಸಿಕೊಳ್ಳುತ್ತಿರುತ್ತಿದ್ದೆ.

ಚೀಲಗಳು ಸಾಲದಾದಾಗ ನನ್ನನ್ನು ನಿಲ್ಲಿಸಿಕೊಂಡ. ದಿನಾ ಸಂಜೆ ಒಲೆ ಆರಿಸಿದ ಮೇಲೆ ಒಂದು ತಾಸು ನಾನು ಅವನ ಬ್ಯಾಕ್. ಎಂಟು ವರ್ಷ ನಿಂತೆ. ಎಂಟು ವರ್ಷದಲ್ಲಿ, ಕೊನೆಯ ತಿಂಗಳವರೆಗೆ, ಒಂದು ಸಲವೂ ಅವನ ಕಾಲಿಂದ ಚೆಂಡು ಕಿತ್ತುಕೊಳ್ಳಲು ನನಗೆ ಆಗಲಿಲ್ಲ. ಬಲಕ್ಕೆ ಮೈ ವಾಲಿಸುತ್ತಿದ್ದ, ನಾನು ಅತ್ತ ಹಾರಿದರೆ ಎಡಕ್ಕೆ ಹೋಗುತ್ತಿದ್ದ. ನಾನು ಎಡಕ್ಕೆ ಕಾದು ನಿಂತರೆ ಬಲಕ್ಕೇ ಹೋಗಿರುತ್ತಿದ್ದ. ಹೋದ ಮೇಲೆ ತಿರುಗಿ ಬಂದು ನನ್ನ ಅಂಗಿಯ ಧೂಳು ಕೊಡವುತ್ತಿದ್ದ. ಅದೊಂದು ನನಗೆ ಸೇರುತ್ತಿರಲಿಲ್ಲ. ಸೋಲಿಸಿದ್ದಕ್ಕಿಂತ ಆ ಧೂಳು ಕೊಡವುವುದು ಚುಚ್ಚುತ್ತಿತ್ತು.

ಹರಿಹರದಲ್ಲಿ ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದ ಫುಟ್‌ಬಾಲ್ ಗೊತ್ತಿರುವ ಜನ ಇದ್ದಾರೆ. ಅಲ್ಲಿಯ ಒಂದು ತಂಡಕ್ಕೆ ಪರಶಿ ಸೇರಿದ. ಆ ತಂಡಕ್ಕೆ ಕಲಿಸುತ್ತಿದ್ದವರು ಕಾರ್ಖಾನೆಯಲ್ಲಿ ಫಿಟರ್ ಆಗಿ ನಿವೃತ್ತರಾದ ಒಬ್ಬ ಹಿರಿಯರು, ಎಲ್ಲರೂ ಮಾಸ್ತರು ಅನ್ನುತ್ತಿದ್ದರು. ಆ ವರ್ಷ ಹರಿಹರದಲ್ಲಿ ಪಂದ್ಯಾವಳಿ ಇಟ್ಟಿದ್ದರು. ನೋಡಲು ಹುಬ್ಬಳ್ಳಿಯ ಒಂದು ದೊಡ್ಡ ತಂಡದವರು ಬರುತ್ತಾರೆ, ಪರಶಿಯನ್ನು ಕರೆದುಕೊಂಡು ಹೋಗುತ್ತಾರೆ, ಅದರ ಹಿಂದೆ ನೌಕರಿಯೂ ಸಿಗುತ್ತದೆ ಎಂದು ಮಾಸ್ತರು ನಮ್ಮ ಮನೆಗೇ ಬಂದು ಹೇಳಿದರು. ಅಪ್ಪ ಕೆಮ್ಮುತ್ತಲೇ ಎದ್ದು ಕೂತು ಅವರಿಗೆ ಚಹಾ ತರಿಸಿದ.

ಅದಕ್ಕೆ ಇಪ್ಪತ್ತು ದಿನ ಇರುವಾಗ ನಾನು ಆ ಹೆಬ್ಬೆರಳು ಕಂಡೆ.

ಪರಶಿ ಸಣ್ಣವನಿದ್ದಾಗ ಒಲೆಯ ಬೆಂಕಿಗೆ ಹೆದರುತ್ತಿದ್ದ. ಆಗ ಅವ್ವ ಅವನ ಎಡಗೈ ಹೆಬ್ಬೆರಳನ್ನು ಒಳಗೆ ಮಡಚಿ, ಮೇಲೆ ನಾಲ್ಕು ಬೆರಳು ಮುಚ್ಚಿ, "ಗಟ್ಟಿ ಹಿಡ್ಕೋ. ಹೆದರಿಕೆ ಅದ್ರೊಳಗೇ ಕುಂತಿರ್ತೈತೆ, ಹೊರಗೆ ಬರಲ್ಲ," ಎಂದು ಕಲಿಸಿದ್ದಳು. ಅದನ್ನು ನಾವೆಲ್ಲ ಮರೆತಿದ್ದೆವು. ಅವನಿಗೂ ನೆನಪಿರಲಿಲ್ಲ. ಅವನ ಕೈಗೆ ಮಾತ್ರ ನೆನಪಿತ್ತು. ಆ ಸಂಜೆ ನನ್ನ ಎದುರು ಬಂದು ನಿಧಾನ ಮಾಡಿದಾಗ ಅವನ ಎಡಗೈ ಹೆಬ್ಬೆರಳು ಒಳಗೆ ಹೋಯಿತು, ಅವನು ಎಡಕ್ಕೆ ಹೋದ. ಮುಂದಿನ ಸಲ ಹೆಬ್ಬೆರಳು ಹೊರಗೇ ಇತ್ತು, ಬಲಕ್ಕೆ ಹೋದ. ಮತ್ತೆ ಒಳಗೆ. ನಾನು ಯೋಚಿಸದೆ ಅವನ ಎಡಬದಿಗೆ ಹಾರಿದೆ. ಚೆಂಡು ನನ್ನ ಕಾಲಿಗೆ ಬಂದಿತ್ತು.

ಒಂದರ ಹಿಂದೆ ಒಂದು ಮೂರು ಸಲ ಕಿತ್ತುಕೊಂಡೆ.

"ಏನಾತಣ್ಣ ನಿಂಗೆ ಇವತ್ತು? ಮೈಯಾಗೆ ದೆವ್ವ ಹೊಕ್ಕೈತೇನು?" ಎಂದು ಪರಶಿ ನಕ್ಕ. ಆ ನಗು ಅರ್ಧಕ್ಕೇ ನಿಂತಿತು. ಆಗಲೇ ನಾನು, ನಿನ್ನ ಹೆಬ್ಬೆರಳು ನೋಡಿಕೋ ಅನ್ನಬೇಕಿತ್ತು. ಅನ್ನಲಿಲ್ಲ. ಅಂದರೆ ಮಾರನೆಯ ದಿನ ಅವನು ಅದನ್ನು ತಿದ್ದಿಕೊಳ್ಳುತ್ತಿದ್ದ, ನಾನು ಮತ್ತೆ ಧೂಳಿನಲ್ಲಿರುತ್ತಿದ್ದೆ. ಆ ದಿನ ಅವನ ಅಂಗಿಗೆ ಧೂಳು ಹತ್ತಿರಲಿಲ್ಲ. ಆದರೂ ಹೋಗಿ ಕೊಡವಿದೆ.

ಕೊಟ್ರೇಶಿ ನಮ್ಮ ಭಟ್ಟಿಯ ಗಿರಾಕಿ. ಕೆ.ಬಿ. ಬಡಾವಣೆಯಲ್ಲಿ ಅವರ ಕಿರಾಣಿ ಅಂಗಡಿ. ವಾರಕ್ಕೊಮ್ಮೆ ಮಂಡಕ್ಕಿ ಒಯ್ಯಲು ಬರುತ್ತಿದ್ದ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು, ಮಾತು ಕಡಿಮೆ. ಹರಿಹರದ ಪಂದ್ಯಾವಳಿಗೆ ಬರುವ ದಾವಣಗೆರೆಯ ಒಂದು ತಂಡದಲ್ಲಿ ಅವನು ಬ್ಯಾಕ್. ಪರಶಿ ಅವನನ್ನು ಹಿಂದೆ ಎರಡು ಪಂದ್ಯದಲ್ಲಿ ದಾಟಿ ಹೋಗಿದ್ದ. ಅದಕ್ಕೆ ಕೊಟ್ರೇಶಿಗೆ ಸಿಟ್ಟಿರಲಿಲ್ಲ.

ಆ ಮಧ್ಯಾಹ್ನ ಅವನು ಚೀಲದ ಬಾಯಿ ಹೊಲಿಯುವುದನ್ನು ನೋಡುತ್ತ ನಿಂತು, "ನಿಮ್ಮ ತಮ್ಮನ್ನ ಹಿಡಿಯಾಕೆ ಯಾವನ ಕೈಲೂ ಆಗಲ್ಲ ಬಿಡ್ರಿ ಅಣ್ಣಾರೆ," ಅಂದ.

"ನನ್ನ ಕೈಲಿ ಆಗ್ತೈತೆ," ಅಂದೆ.

ಅವನು ನಗಲಿಲ್ಲ, ಅದೇ ಕೆಟ್ಟದ್ದಾಯಿತು. ನಕ್ಕಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. "ಹೆಂಗ್ರಿ?" ಅಂದ, ಮೆಲ್ಲಗೆ, ಮರ್ಯಾದೆಯಿಂದ. ಅಷ್ಟು ವರ್ಷದಲ್ಲಿ ಫುಟ್‌ಬಾಲ್ ವಿಚಾರವಾಗಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಮಂಡಕ್ಕಿ ಹುರಿಯುವವನು. ಸೂಜಿ ಕೆಳಗಿಟ್ಟು, ಎಡಗೈ ಎತ್ತಿ, ಹೆಬ್ಬೆರಳು ಒಳಗೆ ಮಡಚಿ ತೋರಿಸಿದೆ. "ಇದು ಒಳಗೆ ಹೋತು ಅಂದ್ರೆ ಅವ್ನು ಎಡಕ್ಕೆ. ಹೊರಗಿದ್ರೆ ಬಲಕ್ಕೆ. ತಪ್ಪಲ್ಲ."

"ಎಡಗೈ?" ಅಂದ ಕೊಟ್ರೇಶಿ.

"ಎಡಗೈ. ಯಾರಿಗೂ ಹೇಳಬ್ಯಾಡ ಮತ್ತೆ."

"ನಾನ್ಯಾರಿಗೆ ಹೇಳ್ಲಿ," ಅಂದು ಚೀಲ ಹೊತ್ತು ಹೋದ. ಬಾಗಿಲು ದಾಟುವಾಗ ಅವನ ಖಾಲಿ ಕೈ ಒಮ್ಮೆ ಮುಷ್ಟಿಯಾಗಿ ಬಿಚ್ಚಿಕೊಂಡಿತು. ಅವನು ಹೋದ ಮೇಲೆ ಬಾಣಲೆಗೆ ಅಕ್ಕಿ ಹಾಕಿದೆ. ಆ ಮೊದಲ ಚಟ್ ನನಗೆ ಕೇಳಲೇ ಇಲ್ಲ. ಅಷ್ಟೂ ಕರಕಲಾಯಿತು.

ಎರಡು ತಂಡ ಎದುರಾಗಬಹುದು ಅಂತ ಗೊತ್ತಿರಲಿಲ್ಲ ಅಂದರೆ ಅದು ಸುಳ್ಳು. ಯಾರಿಗೆ ಯಾರು ಅಂತ ಚೀಟಿ ಎತ್ತುವುದು ಇನ್ನೂ ಬಾಕಿ ಇತ್ತು, ಅಷ್ಟೆ. ಚೀಟಿ ಎತ್ತಿದ ದಿನ ಪರಶಿ ಬಂದು, ಸೆಮಿಫೈನಲ್‌ಗೆ ಹೋದರೆ ಕೊಟ್ರೇಶಿಯ ತಂಡವೇ ಸಿಗುತ್ತದೆ ಅಂದ. ಎರಡೂ ತಂಡ ಗೆದ್ದು ಅಲ್ಲಿಗೆ ಬಂದವು. ಆ ಪಂದ್ಯಕ್ಕೆ ನಾಲ್ಕು ದಿನ ಇತ್ತು. ದಿನಾ ಸಂಜೆ ಅವನ ಎದುರು ನಿಲ್ಲುತ್ತಿದ್ದೆ. ದಿನಾ ಆ ಹೆಬ್ಬೆರಳು ಒಳಗೆ ಹೋಗುವುದನ್ನು ನೋಡುತ್ತಿದ್ದೆ. ಈಗ ಬೇಕೆಂದೇ ಸೋಲುತ್ತಿದ್ದೆ. ಇವತ್ತು ಹೇಳುತ್ತೇನೆ, ಊಟ ಆದ ಮೇಲೆ ಹೇಳುತ್ತೇನೆ, ನಾಳೆ ಹೇಳುತ್ತೇನೆ. ಹೇಳಿದರೆ ಕೊಟ್ರೇಶಿಗೆ ತೋರಿಸಿದ್ದನ್ನೂ ಹೇಳಬೇಕಾಗುತ್ತಿತ್ತು.

ಪಂದ್ಯದ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಹರಿಹರಕ್ಕೆ ಹೊರಟೆವು. ಅವನು ಕಿಟಕಿಯ ಪಕ್ಕ ಕೂತಿದ್ದ, ಬೂಟಿನ ಚೀಲ ತೊಡೆಯ ಮೇಲೆ. ನಮ್ಮ ಭಟ್ಟಿಯ ಕರಿ ಅವನ ಬಿಳಿ ಅಂಗಿಯ ಭುಜದ ಮೇಲೆ ಬಿದ್ದಿತ್ತು. ಅವ್ವ ಎರಡು ಸಲ ಒಗೆದರೂ ಹೋಗಿರಲಿಲ್ಲ. ಅರ್ಧ ದಾರಿಯಲ್ಲಿ ಅವನು ನನ್ನ ಕಡೆ ತಿರುಗಿದ.

"ಅಣ್ಣ, ಅವತ್ತು ಮೂರು ಸಲ ಹೆಂಗ್ ತಗೊಂಡೆ? ನಿಜ ಹೇಳು. ಎಲ್ಲೋ ಒಂದು ಕಡೆ ಸೋರ್ತಾ ಇದೀನಿ ಅನ್ನಿಸ್ತೈತೆ. ಎಲ್ಲಿ ಅಂತ ತಿಳಿವಲ್ದು."

ಅವನೇ ಕೇಳಿದ. ನನ್ನ ಬಾಯಿಂದ ಬರಬೇಕಾಗಿದ್ದನ್ನು ಅವನೇ ಬಾಗಿಲು ತೆಗೆದು ಕರೆದ.

"ಏನೋ ನಸೀಬು ಕಣೋ. ಯೋಚ್ನೆ ಮಾಡಬ್ಯಾಡ," ಅಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದ. ಹೊರಗೆ ಹೊಗೆಯಿಲ್ಲದ ಕಾರ್ಖಾನೆ ಕೊಳವೆ ಹತ್ತಿರ ಬರುತ್ತಿತ್ತು.

ಪಂದ್ಯ ಶುರುವಾಗಿ ಬಹಳ ಹೊತ್ತು ಏನೂ ಆಗಲಿಲ್ಲ. ಮರಳಿಗೆ ಅಕ್ಕಿ ಬಿದ್ದ ಮೇಲಿನ ಆ ಹೊತ್ತಿನಂತೆ. ಕೊಟ್ರೇಶಿ ದೂರವೇ ಉಳಿದಿದ್ದ. ಆಮೇಲೆ ಎಡಬದಿಯ ಗೆರೆಯ ಹತ್ತಿರ ಪರಶಿಗೆ ಚೆಂಡು ಸಿಕ್ಕಿತು, ಕೊಟ್ರೇಶಿ ಎದುರು ಬಂದು ನಿಂತ. ಪರಶಿ ನಿಧಾನ ಮಾಡಿದ. ಹುಬ್ಬಳ್ಳಿಯಿಂದ ಬಂದಿದ್ದವರಲ್ಲಿ ಒಬ್ಬ ಕುರ್ಚಿಯಿಂದ ಮುಂದಕ್ಕೆ ಬಾಗಿದ. ನಾನು ಗೆರೆಯ ಹೊರಗೆ ಹತ್ತು ಹೆಜ್ಜೆಯಲ್ಲಿದ್ದೆ. ಕೊಟ್ರೇಶಿ ಪರಶಿಯ ಕಾಲು ನೋಡುತ್ತಿರಲಿಲ್ಲ, ಸೊಂಟವನ್ನೂ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದ.

ಕೂಗಬಹುದಿತ್ತು. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹೆಬ್ಬೆರಳು ಒಳಗೆ ಹೋಯಿತು.

ತಡೆಯುವವನಿಗೆ ಯಾವಾಗಲೂ ಒಂದು ಅನುಮಾನ ಇರುತ್ತದೆ, ಹಾಗಾಗಿ ಪೂರ್ತಿ ಮೈ ಬಿಟ್ಟು ಬರುವುದಿಲ್ಲ. ಆ ಅನುಮಾನವೇ ಪರಶಿಯಂಥವರ ಮೊಣಕಾಲು ಕಾಯುವುದು. ಇದು ನನಗೆ ಆಮೇಲೆ ತಿಳಿಯಿತು. ಕೊಟ್ರೇಶಿಗೆ ಆ ದಿನ ಅನುಮಾನ ಇರಲಿಲ್ಲ. ನಾನು ತೆಗೆದುಬಿಟ್ಟಿದ್ದೆ. ಪರಶಿ ಎಡಕ್ಕೆ ಹೊರಡುವ ಮೊದಲೇ ಅವನು ಹೊರಟಿದ್ದ. ಚೆಂಡು ಸಿಕ್ಕಿತು. ಅದರ ಹಿಂದೆಯೇ, ನೆಲಕ್ಕೆ ಆಗ ತಾನೇ ಊರಿದ ಪರಶಿಯ ಎಡ ಮೊಣಕಾಲಿಗೆ ಆ ಆಳಿನ ಇಡೀ ಭಾರ ಬಂದು ಬಿತ್ತು.

ಚಟ್ ಅಂದಿತು. ಒಂದೇ ಕಾಳಿನ ಸದ್ದು.

ಚೆಂಡು ಮೊದಲು ಸಿಕ್ಕಿದ್ದರಿಂದ ರೆಫ್ರಿ ಸೀಟಿ ಊದಲಿಲ್ಲ. ತಪ್ಪು ಕೊಟ್ರೇಶಿಯದಲ್ಲ, ಯಾರದೂ ಅಲ್ಲ ಅಂತ ಎಲ್ಲರೂ ಅಂದರು. ಮೂರನೆಯ ದಿನ ಕೊಟ್ರೇಶಿ ಮೂಸಂಬಿ ಹಿಡಿದು ಆಸ್ಪತ್ರೆಗೆ ಬಂದ. ಪರಶಿಯ ಕೈ ಹಿಡಿದುಕೊಂಡು ಅತ್ತ. ಹೋಗುವಾಗ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಆಮೇಲೆ ಅವನು ನಮ್ಮ ಭಟ್ಟಿಗೆ ಬರಲಿಲ್ಲ.

ಮೊಣಕಾಲು ಕೂಡಿಕೊಂಡಿತು. ವರ್ಷ ಕಳೆದ ಮೇಲೆ ಆಡಬಹುದು ಅಂತ ಡಾಕ್ಟರರೂ ಹೇಳಿದರು. ಮಾಸ್ತರು ಹೊಸ ಬೂಟು ತಂದುಕೊಟ್ಟರು. ಪರಶಿ ಅವನ್ನು ತೊಡಲಿಲ್ಲ.

"ಮೊಣಕಾಲಿನ ಮಾತು ಬಿಡ್ರಿ ಮಾಸ್ತರೆ," ಅಂದ. "ಅವ್ನು ನನಗಿಂತ ಮೊದ್ಲೇ ಅಲ್ಲಿಗೆ ಹೋಗಿದ್ದ. ನಾನು ಎತ್ಲಾಗೆ ಹೋಗ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲ, ಅವ್ನಿಗೆ ಗೊತ್ತಿತ್ತು. ಮೈಯೆಲ್ಲ ಬಯಲಾದ ಮ್ಯಾಲೆ ಎಲ್ಲಿ ಆಟ?"

ನಾನು ಅಲ್ಲೇ, ಬಾಗಿಲ ಹಿಂದೆ ಇದ್ದೆ. ನಾಲ್ಕು ಹೆಜ್ಜೆ ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಅವನು ಆ ಬೂಟು ತೊಡುತ್ತಿದ್ದ. ಒಡೆದದ್ದು ಮೊಣಕಾಲಾಗಿದ್ದರೆ ಹೇಳದೆ ಇದ್ದುಬಿಡಬಹುದಿತ್ತೇನೋ. ಒಡೆದದ್ದು ಬೇರೆ ಅಂತ ಆ ದಿನವೇ ತಿಳಿಯಿತು. ತಿಳಿದೂ ಜರಡಿ ಎತ್ತಿಕೊಂಡು ಭಟ್ಟಿಗೆ ಹೋದೆ.

ಕೊಕ್ಕನೂರಿನ ಸವಿತಾಳನ್ನು ಮದುವೆಯಾಗಿ ಅವನು ಹರಿಹರದಲ್ಲಿ ಮನೆ ಮಾಡಿದ. ಅಲ್ಲೇ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಹಬ್ಬಕ್ಕೆ ದಾವಣಗೆರೆಗೆ ಬಂದಾಗ ಒಮ್ಮೆ ಇಬ್ಬರೂ ಸಂತೆಗೆ ಹೋದೆವು. ಜನ ಕಂಡೊಡನೆ ಅವನು ಗೋಡೆಯ ಪಕ್ಕ ಸರಿದು ನಿಂತ. ಒಂದು ಎಮ್ಮೆ, ಎರಡು ಕೈಗಾಡಿ, ಒಂದು ಹಿಂಡು ಹೆಂಗಸರು ಹೋದರು. ಅವನು ನಿಂತೇ ಇದ್ದ. "ನೀನು ಹೋಗಿ ಬಾರಣ್ಣ. ನಾನಿಲ್ಲೇ ಇರ್ತೀನಿ," ಅಂದ. ಆ ದಿನ ಜನರ ನಡುವೆ ಯಾರಿಗೂ ತಾಗದೆ ನಡೆದವನು ನಾನು. ಆಚೆ ಹೋಗಿ ತಿರುಗಿ ನೋಡಿದೆ. ಅವನು ಬಂದುಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ಎಲ್ಲರಿಗೂ ತನ್ನ ಬಗ್ಗೆ ಏನೋ ಗೊತ್ತಿದೆ ಅನ್ನುವವನ ಹಾಗೆ.

ಈ ವರ್ಷ ಮಾಸ್ತರಿಗೆ ಕಣ್ಣು ಮಂದವಾಯಿತು. ಹೆಣ್ಣುಮಕ್ಕಳದೊಂದು ತಂಡ ಕಟ್ಟಿದ್ದರು. ಅದಕ್ಕೆ ಕಲಿಸು ಅಂತ ಪರಶಿಯನ್ನು ಕೇಳಿದರು. "ನನ್ನ ಹತ್ರ ಏನೈತ್ರಿ ಕಲ್ಸಾಕೆ? ಸಿಕ್ಕಿಬಿದ್ದ ವಿದ್ಯೆನಾ?" ಅಂದನಂತೆ. ಅದಾದ ಹದಿನೈದು ದಿನಕ್ಕೆ, ಮಳೆಗಾಲದ ಒಂದು ಮಧ್ಯಾಹ್ನ ಸವಿತಾಳ ಫೋನು ಬಂತು.

"ಭಾವ, ಇವ್ರು ದಿನಾ ಸಂಜಿ ಹೊಳಿ ಕಡೆ ಹೋಗಿ ನಿಂದ್ರತಾರ. ಕೇಳಿದ್ರೆ ಮಾತಿಲ್ಲ. ನಿನ್ನೆ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಾಗೆ ಬಂದಾರ. ಯಾಕ ಅಂದ್ರೆ, ಮರ್ತೆ ಅಂತಾರ. ಹೊಳಿ ತುಂಬೈತ್ರಿ ಭಾವ. ಒಂದ್ಸಲ ಬರ್ರಿ. ಇವತ್ತೇ ಬರ್ರಿ."

ಬಾಣಲೆ ಇಳಿಸಿ, ಒಲೆಗೆ ನೀರು ಹೊಯ್ದು ಹೊರಟೆ. ಅದೇ ಬಸ್ಸಿನ ದಾರಿ. ಇಷ್ಟು ವರ್ಷ ಆ ಮಾತನ್ನು ಎಷ್ಟು ತರಹ ಕಟ್ಟಿದ್ದೆನೋ, ಹರಿಹರ ಬರುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಹೊಳೆಯ ಮೆಟ್ಟಿಲುಗಳಲ್ಲಿ ಅರ್ಧ ಮುಳುಗಿದ್ದವು. ತುಂಗಭದ್ರೆ ಕೆಂಪಗೆ, ಸದ್ದಿಲ್ಲದೆ, ಬಹಳ ಜೋರಾಗಿ ಹೋಗುತ್ತಿತ್ತು. ಒಂದು ಬಾಳೆದಿಂಡು ಬಂತು, ನೋಡುತ್ತಿರುವಾಗಲೇ ಇಲ್ಲವಾಯಿತು. ಪರಶಿ ನೀರು ತಾಗುವ ಮೆಟ್ಟಿಲ ಮೇಲೆ ನಿಂತಿದ್ದ, ಹೊಳೆ ಅವನ ಎಡಕ್ಕೆ. ಚಪ್ಪಲಿ ಮೇಲಿನ ಮೆಟ್ಟಿಲಲ್ಲಿ ಜೋಡಿಸಿಟ್ಟಿದ್ದವು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅವನು ಅಲ್ಲಾಡುತ್ತಿರಲಿಲ್ಲ. ಬ್ಯಾಕ್ ಎದುರಿಗಿದ್ದಾಗ ನಿಲ್ಲುತ್ತಿದ್ದ ಹಾಗೆ ನಿಂತಿದ್ದ.

ನಾನು ಮೊದಲು ನೋಡಿದ್ದು ಅವನ ಎಡಗೈ. ಹೆಬ್ಬೆರಳು ಒಳಗಿತ್ತು.

ಎಂಟು ವರ್ಷ ಅವನ ಎದುರು ನಿಂತವನು ನಾನು. ಕೂಗಲಿಲ್ಲ. ಓಡಿ ಇಳಿದು, ಅವನನ್ನು ದಾಟಿ, ಅವನಿಗೂ ಹೊಳೆಗೂ ನಡುವೆ ನೀರಿನೊಳಗೆ ನಿಂತೆ. ನೀರು ತೊಡೆ ಹಿಡಿದು ಎಳೆಯಿತು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಮತ್ತೆ ಊರಿತು.

"ಆಚೆ ಸರಿಯಣ್ಣ," ಅಂದ ಪರಶಿ. ಆಶ್ಚರ್ಯ ಕೂಡ ಪಡಲಿಲ್ಲ. "ನೀನ್ಯಾಕ ಬಂದಿ? ಪಕ್ಕಕ್ಕೆ ಸರಿ."

"ನಾನು ಸರಿಯೋದಿಲ್ಲ."

"ಜಾರ್ತೈತೆ ಅಲ್ಲಿ. ಮ್ಯಾಲೆ ಹೋಗು."

"ಪರಶಿ, ನಿನ್ನ ಕೈ ನೋಡ್ಕೋ. ಎಡಗೈ."

ಅವನು ನೋಡಿಕೊಂಡ. ಅದು ತನ್ನದೇ ಕೈ ಹೌದೋ ಅಲ್ಲವೋ ಅನ್ನುವ ಹಾಗೆ ನೋಡಿದ.

"ಹೆಬ್ಬೆರಳು ಒಳಗೆ ಹೋದ್ರೆ ನೀನು ಎಡಕ್ಕೆ ಹೋಗ್ತಿ. ಅವ್ವ ಕಲ್ಸಿದ್ದು, ಸಣ್ಣವನಿದ್ದಾಗ. ಅವತ್ತು ಮೂರು ಸಲ ನಾನು ಅದನ್ನ ನೋಡೇ ಚೆಂಡು ತಗೊಂಡಿದ್ದು. ನಸೀಬಲ್ಲ. ಬಸ್ಸಿನಾಗೆ ನೀನು ಕೇಳ್ದಾಗ ನಾನು ಸುಳ್ಳು ಹೇಳ್ದೆ." ನೀರಿನ ಸೆಳೆತಕ್ಕೆ ಕಾಲು ಮತ್ತೆ ಊರಿಕೊಂಡೆ. "ಕೊಟ್ರೇಶಿ ನಿನ್ನ ಆಟದ ಗುಟ್ಟು ಹಿಡಿದಿರ್ಲಿಲ್ಲ ಕಣೋ. ಯಾರೂ ಹಿಡಿದಿರ್ಲಿಲ್ಲ. ಅವ್ನು ಮಂಡಕ್ಕಿ ಒಯ್ಯಾಕ್ ಬಂದಿದ್ದ. ನಾನು ಕೈ ಎತ್ತಿ ತೋರ್ಸಿದೆ, ಹಿಂಗೆ. ಅವ್ನೇನು ಬೇಡಿರ್ಲಿಲ್ಲ. ನಿನ್ನ ಒಬ್ಬನ್ನೇ ಎಲ್ಲಾರೂ ಹೊಗಳ್ತಿದ್ರು, ನನ್ನ ಕೈಲೂ ಆಗ್ತೈತೆ ಅಂತ ಒಬ್ಬನಿಗಾದ್ರೂ ಗೊತ್ತಾಗ್ಲಿ ಅಂತ ತೋರ್ಸಿದೆ."

ಮೇಲೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಅವನು ಹೊಡೆದರೆ ಹೊಡೆಯಲಿ, ತಳ್ಳಿದರೆ ತಳ್ಳಲಿ ಅಂತ ನಾನು ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತೆ. ಅವನ ಕಣ್ಣು ನನ್ನ ಮುಖ ಬಿಟ್ಟು ಸೊಂಟಕ್ಕೆ ಇಳಿಯಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನ ಎಡಗೈಯ ನಾಲ್ಕು ಬೆರಳು ಒಂದೊಂದಾಗಿ ಸಡಿಲವಾದವು. ಒಳಗೆ ಒತ್ತಿ ಬೆಳ್ಳಗಾಗಿದ್ದ ಹೆಬ್ಬೆರಳು ಹೊರಗೆ ಬಂತು.

ಅವನ ಬಲಕ್ಕೆ ಮೆಟ್ಟಿಲುಗಳಿದ್ದವು.

"ತಪ್ಪು ನಂದು ಪರಶಿ," ಅಂದೆ. "ಮೊಣಕಾಲಿನದೂ ನಂದೇ, ಆರು ವರ್ಷದ್ದೂ ನಂದೇ. ನಿನ್ನ ಆಟದಾಗೆ ಒಂದು ತಪ್ಪೂ ಇರ್ಲಿಲ್ಲ. ಆವಾಗ್ಲೇ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ತಪ್ಪಾತು ಕಣಪ್ಪಾ. ನನ್ನದು ತಪ್ಪಾತು."